ಬುರುಡೆ ಇಲ್ಲದ ಚೀಟಿ

"ಈ ಬುರುಡೆ ಎಲ್ಲಿಗೆ ಹೋಯ್ತು?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ಹೊಸ ಚೀಟಿಗಳ ಸುರುಳಿ, ಪಕ್ಕದಲ್ಲಿ ಕತ್ತರಿ, ಗೋಡೆಗೆ ಒರಗಿಸಿದ ಸ್ಟೂಲು. ಇವುಗಳಲ್ಲಿ ಉತ್ತರ ಹೇಳುವಂಥದ್ದು ಒಂದೂ ಇಲ್ಲ. ಆದರೂ ಚೀಟಿಯಕ್ಕ ಜೋರಾಗಿಯೇ ಕೇಳಿದಳು.

ಡ್ರಮ್ಮುಗಳಿಗೆ ಚೀಟಿ ಅಂಟಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೇ ಕೆಲಸ ಮಾಡುತ್ತ ಹೆಸರೂ ಅದೇ ಆಗಿಹೋಗಿತ್ತು. ಬಣ್ಣದ ಕಾರ್ಖಾನೆಗಳಿಗೆ ಹೋಗುವ ಅನಿಲೀನ್ ಎಂಬ ದ್ರವ ಇಲ್ಲಿ ಡ್ರಮ್ಮಿಗೆ ತುಂಬಿ ಲಾರಿ ಹತ್ತುತ್ತಿತ್ತು. ಹಳೆಯ ಚೀಟಿಯ ತಲೆಯ ಮೇಲೆ 'ಅಪಾಯ' ಎಂದು ದಪ್ಪಕ್ಷರ. ಅದರ ಕೆಳಗೆ ಕೆಂಪು ಅಂಚಿನ ನಾಲ್ಕು ಚಿತ್ರ: ಅಡ್ಡ ಎಲುಬಿನ ಮೇಲೆ ತಲೆಬುರುಡೆ, ಎದೆ ಬಿರಿದ ಮನುಷ್ಯ, ಹನಿ ಬಿದ್ದು ಕರಗುತ್ತಿರುವ ಅಂಗೈ, ಒಣಮರದ ಕೆಳಗೆ ಸತ್ತ ಮೀನು. ಹೊಸ ಚೀಟಿಯಲ್ಲಿ 'ಎಚ್ಚರಿಕೆ' ಎಂದಿತ್ತು. ಚಿತ್ರ ಎರಡೇ: ಒಂದು ಆಶ್ಚರ್ಯಚಿಹ್ನೆ, ಒಂದು ಮೀನು. ಮನುಷ್ಯನಿಗೆ ರಾತ್ರೋರಾತ್ರಿ ವಾಸಿಯಾಗಿತ್ತು. ಮೀನು ಮಾತ್ರ ಇನ್ನೂ ಸತ್ತೇ ಬಿದ್ದಿತ್ತು.

ದ್ರವದ ಹೆಸರು ಅದೇ. ತುಂಬಿದ ಟ್ಯಾಂಕಿನ ನಂಬರೂ ಅದೇ.

ಸೂಪರ್‌ವೈಸರ್ ನಗುತ್ತಲೇ ಬಂದ. ಬೈಯುವಾಗಲೂ ನಗುವ ಮನುಷ್ಯ ಅವನು. ಹಾಗಾಗಿ ಅವನ ನಗುವಿನಿಂದ ಏನನ್ನೂ ತಿಳಿಯುವಂತಿರಲಿಲ್ಲ.

"ಏನಕ್ಕ, ಚೀಟಿ ಹಿಡ್ಕೊಂಡು ಧ್ಯಾನ ಮಾಡ್ತಿದೀರಾ?"

"ಸಾರ್, ಬುರುಡೆ ಇಲ್ಲ ಇದರಲ್ಲಿ."

"ಬೇಡ ಅಂತ ತೆಗೆಸಿದ್ದು. ಈಗ ಮಾಲಿಗೆ ಅರ್ಧಕ್ಕರ್ಧ ದ್ರಾವಕ ಬೆರೆಸ್ತಿದೀವಿ. ಖಾರ ಕಮ್ಮಿಯಾದ ಮೇಲೆ ಅಪಾಯದ ವರ್ಗ ಕೆಳಗಿಳಿಯುತ್ತೆ. ಬುರುಡೆ ಇದ್ರೆ ವಾರಕ್ಕೆ ಒಂದೇ ಲಾರಿ, ಅದೂ ಬೇರೆ ಲೈಸೆನ್ಸಿನ ಡ್ರೈವರ್ ಬೇಕು. ಇದಾದ್ರೆ ದಿನಾ ಕಳಿಸಬಹುದು."

"ಒಳಗಿನ ಅಂಗ ಕೆಡುತ್ತೆ ಅಂತ ತೋರಿಸೋ ಎದೆ ಒಡೆದ ಮನುಷ್ಯನೂ ಇಲ್ಲ. ಈ ದ್ರವ ನೂರಕ್ಕೆ ಒಂದು ಪಾಲು ಇದ್ರೂ ಅವನು ಇರಬೇಕು ಅಂತ ಟ್ರೇನಿಂಗಲ್ಲಿ ಹೇಳಿದ್ರು."

ಅವನ ನಗು ಒಂದು ಚೂರು ನಿಂತು, ಮತ್ತೆ ಹೊರಟಿತು. "ನಿಮ್ಮ ಜ್ಞಾಪಕಕ್ಕೆ ದೃಷ್ಟಿ ತಾಗೀತು! ಅಂಟಿಸಿ ಅಕ್ಕ. ಹೊಸ ಹಾಳೆ ಮುಂದಿನ ಸೋಮವಾರದೊಳಗೆ ಬರುತ್ತೆ, ಆಗ ಓದುವಿರಂತೆ."

ಹಾಳೆ ಎಂದರೆ ಸುರಕ್ಷತೆಯ ಹಾಳೆ. ಹದಿನಾರು ಭಾಗ. ಹತ್ತು ಜನ ಹಮಾಲರಲ್ಲಿ ಓದು ಬರುವವರು ಇಬ್ಬರು, ಅವರಿಗೂ ಬೇಸರ. ಅದಕ್ಕೇ ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಚೀಟಿಯಕ್ಕ ಅದನ್ನು ಓದುತ್ತಿದ್ದಳು. ಓದುತ್ತ ಓದುತ್ತ ಅದಕ್ಕೊಂದು ನಡಿಗೆ ಬಂದಿತ್ತು. ಅವಳು "ಕಣ್ಣಿಗೆ ಬಿದ್ದರೆ?" ಎಂದರೆ ಅವರು "ಹದಿನೈದು ನಿಮಿಷ ನೀರು!" ಎನ್ನುವರು. "ಬಟ್ಟೆಗೆ ಬಿದ್ದರೆ?" ಎಂದರೆ "ನಾಚಿಕೆ ಬಿಟ್ಟು ಬಿಚ್ಚು!" ಈ ಎರಡನೆಯ ಉತ್ತರ ಹಾಳೆಯಲ್ಲಿ ಇರಲಿಲ್ಲ, ಕೊಕ್ಕರೆ ಸೇರಿಸಿದ್ದು. ಉದ್ದ ಕಾಲಿನ ಹಮಾಲ ಅವನು; ಕೆಲಸಕ್ಕಿಂತ ಮಾತು ಒಂದು ಮೊಳ ಮುಂದೆ. ಏನೇ ಆಗಲಿ, ಯಾರೂ ಮರೆತಿರಲಿಲ್ಲ. ಕಾಗದ ಹೇಳಿತು ಅಂತಲ್ಲ, ಅಕ್ಕ ಹೇಳಿದಳು ಅಂತ ಅವರು ಕೇಳುತ್ತಿದ್ದರು.

ಆ ಹತ್ತು ಜನರಲ್ಲಿ ಒಬ್ಬ ಅವಳ ಒಡಹುಟ್ಟಿದ ತಮ್ಮ.

ಅಂದು ಅವಳು ಅಂಟಿಸಿದಳು. ಮನಸ್ಸು ಒಪ್ಪಲಿಲ್ಲ, ಕೈ ಒಪ್ಪಿತು. ಹನ್ನೊಂದು ವರ್ಷದ ರೂಢಿಯ ಕೈ.

ಚೀಟಿ ನೋಡಿ ಕೈಗವಸು ಹಾಕುವುದು ಅಲ್ಲಿಯ ಪದ್ಧತಿ. ಬುರುಡೆಗೆ ಮೊಣಕೈವರೆಗೆ ಬರುವ ದಪ್ಪ ಕಪ್ಪು ರಬ್ಬರು, ಆಶ್ಚರ್ಯಚಿಹ್ನೆಗೆ ತೆಳು ಹಸಿರು. ಕಪ್ಪು ಗವಸಿನೊಳಗೆ ಬೆವರು ನಿಂತು ಕೈ ಬೇಯುತ್ತಿತ್ತು, ಡ್ರಮ್ಮಿನ ಅಂಚು ಜಾರುತ್ತಿತ್ತು. ಹಸಿರಾದರೆ ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ. ಹಮಾಲರಿಗೆ ಹಬ್ಬವೇ ಆಯಿತು.

"ಬುರುಡೆ ಬಿಟ್ಟು ಹೋಯ್ತು, ಬುರುಡೆ ಬಿಡೋರು ಉಳ್ಕೊಂಡ್ರು," ಎಂದ ಕೊಕ್ಕರೆ, ಸೂಪರ್‌ವೈಸರ್ ಅತ್ತ ಹೋದಮೇಲೆ.

"ಲೋ, ನೀನು ಕಪ್ಪು ಹಾಕ್ಕೋ," ಎಂದಳು ಚೀಟಿಯಕ್ಕ ತಮ್ಮನಿಗೆ.

"ಎಲ್ಲರೂ ಹಸಿರು ಹಾಕಿರುವಾಗ ನಾನೊಬ್ಬನೇ ಮದುಮಗನ ಥರಾನಾ? ಚೀಟಿ ಅಂಟಿಸಿದ್ದು ನೀನೇ ಅಲ್ವೇನೇ?"



ಊಟದ ಹೊತ್ತಿಗೆ ಅವಳು ಹಿಂದಿನ ಶೆಡ್ಡಿಗೆ ಹೋದಳು. ದ್ರಾವಕದ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳದ ಮೇಲೆ ಬೆರಳೆಳೆದಳು. ದೂಳಿನಲ್ಲಿ ದಾರಿ ಮೂಡಿತು. ತವರದ ಮೊಹರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಒಂದೂ ಒಡೆದಿರಲಿಲ್ಲ. ಬೆರೆಸಿದ್ದೇ ನಿಜವಾದರೆ ಬೆರೆಸಿದ್ದು ಯಾವುದರಿಂದ? ಬೇರೆ ಕಡೆಯಿಂದ ತಂದಿರಬಹುದು ಎಂದುಕೊಂಡಳು. ಹಾಗೆ ಅಂದುಕೊಂಡದ್ದು ತನ್ನ ಸಮಾಧಾನಕ್ಕೇ ಎಂಬುದೂ ಅವಳಿಗೆ ಗೊತ್ತಿತ್ತು. ಗೇಟಿನವನನ್ನು ಕೇಳಿದಳು, ದ್ರಾವಕದ ಗಾಡಿ ಬಂದು ಎರಡು ತಿಂಗಳಾಯಿತೆಂದ.

ಅಂದಿನಿಂದ ಅವಳು ಎಲ್ಲರ ತುಟಿ ನೋಡತೊಡಗಿದಳು. ಈ ವಿಷ ಮೈಗಿಳಿದರೆ ಮೊದಲು ಹೇಳುವುದು ತುಟಿ, ಉಗುರು. ಮಂಗಳವಾರ ಏನಿಲ್ಲ. ಬುಧವಾರ ಏನಿಲ್ಲ. "ಏನಕ್ಕ, ಹೆಣ್ಣು ನೋಡೋಕೆ ಬಂದೋರ ಥರ ಮುಖ ನೋಡ್ತೀಯ?" ಎಂದ ಕೊಕ್ಕರೆ. ಅವಳು ಅವನ ಉಗುರನ್ನೂ ನೋಡಿದಳು.

ಗುರುವಾರ ಸಂಜೆ ತಮ್ಮನ ಹೆಂಡತಿ ಓಡುತ್ತ ಬಂದಳು. ಎರಡು ಮನೆ ಆಚೆ ಅವರ ಮನೆ.

"ಅತ್ತಿಗೆ, ಬನ್ನಿ, ನಿಮ್ಮ ತಮ್ಮನ ವೈಭವ ನೋಡಿ. ಮೆಟ್ಟಿಲು ಹತ್ತೋಕಾಗ್ತಿಲ್ಲ. ತಲೆನೋವಂತೆ. ಮಾತು ತೊದಲ್ತಿದೆ. ಬಿಟ್ಟಿದ್ದೀನಿ ಅಂತ ಆಣೆ ಹಾಕಿದ್ರು, ಮತ್ತೆ ಶುರು ಹಚ್ಕೊಂಡಿದಾರೆ!"

"ವಾಸನೆ ಬಂತೇನಮ್ಮ?"

"ಬಾಯಿ ತೊಳ್ಕೊಂಡು ಬಂದಿರ್ತಾರೆ. ನನಗೆ ಗೊತ್ತಾಗಲ್ವಾ? ಬಿಸಿನೀರು ಇಟ್ಟಿದೀನಿ, ನಾಲ್ಕು ಚೊಂಬು ಸುರಿದ್ರೆ ಇಳಿಯುತ್ತೆ."

"ಬಿಸಿನೀರು ಬೇಡ!" ಎಂದು ಕೂಗುತ್ತ ಚೀಟಿಯಕ್ಕ ಬರಿಗಾಲಲ್ಲೇ ಓಡಿದಳು. ಬಿಸಿನೀರು ಬಿದ್ದರೆ ಚರ್ಮ ಬಾಯ್ತೆರೆದು ವಿಷವನ್ನು ಇನ್ನಷ್ಟು ಕುಡಿಯುತ್ತದೆ.

ತಮ್ಮ ಗೋಡೆಗೊರಗಿ ಕೂತಿದ್ದ. ತುಟಿಗಳು ಮಸಿ ಕುಡಿದಂತೆ. ಉಗುರಿನ ಬುಡಗಳೂ ಹಾಗೇ. ಅವಳು ಅವನ ಅಂಗಿ ಬಿಚ್ಚಿದಳು, ತೊಗಲಿನ ಬೂಟು ಕಿತ್ತು ಹೊರಗೆಸೆದಳು, ತಣ್ಣೀರು ಸೋಪು ಹಾಕಿ ಕೈ ಕಾಲು ಉಜ್ಜಿದಳು. ಬಲಗೈಯ ಹೆಬ್ಬೆರಳಿನ ಸಂದಿಯಲ್ಲಿ ಕಂದು ಕಲೆ ಇತ್ತು.

"ಸೋರಿತ್ತೇನೋ?"

"ಒಂದು ಡ್ರಮ್ಮು... ಸ್ವಲ್ಪ... ಬೂಟಿನ ಮೇಲೂ. ಆಶ್ಚರ್ಯದ್ದು ತಾನೇ ಅಂತ..."

ಆಸ್ಪತ್ರೆಯ ಕೌಂಟರಿನಲ್ಲಿ ಏನಾಯಿತೆಂದು ಕೇಳಿದಾಗ ಹೆಂಡತಿ ಅಳುತ್ತಲೇ "ಕುಡಿದಿದಾರೆ ಅನ್ಸುತ್ತೆ" ಎಂದುಬಿಟ್ಟಳು. ಗುಮಾಸ್ತ 'ಅನ್ಸುತ್ತೆ' ಎಂಬುದನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡ.

ಡಾಕ್ಟರಮ್ಮ ಆ ಕಾಗದ ನೋಡಿದರು, ರೋಗಿಯನ್ನು ನೋಡಿದರು. "ಏನು ಮುಟ್ಟಿದ್ರಿ?" ಎಂದರು. ಚೀಟಿಯಕ್ಕ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹೊಸ ಚೀಟಿ ತೆಗೆದುಕೊಟ್ಟಳು.

"ಚರ್ಮಕ್ಕೆ ತುರಿಕೆ ಆಗಬಹುದು ಅಂತಿದೆ. ಇದರಿಂದ ಹೀಗಾಗಲ್ಲ. ಉಸಿರಾಟದ ತೊಂದರೆ ಇತ್ತಾ ಮುಂಚೆ?"

"ಡಾಕ್ಟ್ರೇ, ಆ ಚೀಟಿ ಬಿಡಿ, ದ್ರಾವಕ ಬೆರೆಸಿ ತೆಳು ಮಾಡಿದೀವಿ ಅಂತ ಹಾಗೆ ಬರೆದಿದಾರೆ. ನಾನು ಹೇಳ್ತೀನಿ ಕೇಳಿ." ಕಣ್ಣು ಮುಚ್ಚಿಕೊಂಡು ಹಳೆಯ ಹಾಳೆಯನ್ನು ಹೇಳತೊಡಗಿದಳು. ಎರಡನೆಯ ಭಾಗ: ನುಂಗಿದರೆ ವಿಷ, ಚರ್ಮಕ್ಕೆ ತಾಗಿದರೆ ವಿಷ, ಉಸಿರಿಗೆ ಸೇರಿದರೆ ವಿಷ. ನಾಲ್ಕನೆಯ ಭಾಗ: ರಕ್ತವು ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುವುದು, ತುಟಿ ಉಗುರು ನೀಲಿಯಾಗುವುದು, ಲಕ್ಷಣ ತಡವಾಗಿ ಕಾಣಬಹುದು, ಎರಡು ದಿನ ಕಣ್ಣಿಡಬೇಕು. ಒಂದು ಪದಕ್ಕೂ ತಡವರಿಸಲಿಲ್ಲ.

ಡಾಕ್ಟರಮ್ಮನ ಪೆನ್ನು ನಿಂತಿತು. ಸಿರಿಂಜು ತರಿಸಿ ರಕ್ತ ಎಳೆದರು. ಬಂದದ್ದು ಕೆಂಪಲ್ಲ, ಚಾಕೊಲೇಟಿನ ಬಣ್ಣ. ಆಮ್ಲಜನಕ ಹಚ್ಚಿ, ಕಡುನೀಲಿ ಔಷಧಿಯೊಂದನ್ನು ನರಕ್ಕೆ ನಿಧಾನವಾಗಿ ಬಿಟ್ಟರು. ಒಂದು ಗಂಟೆಯಲ್ಲಿ ತುಟಿಗೆ ಮನುಷ್ಯರ ಬಣ್ಣ ಬಂತು.

"ಇದು ತೆಳು ಮಾಡಿದ ಮಾಲಲ್ಲ," ಎಂದರು ಡಾಕ್ಟರಮ್ಮ. "ನನಗೆ ಹಾಗನ್ಸುತ್ತೆ. ಆದರೆ ಅನ್ಸೋದಕ್ಕೆ ಸಾಕ್ಷಿ ಇಲ್ಲ. ಇನ್ನು ಸ್ವಲ್ಪ ತಡವಾಗಿದ್ರೆ ಅಷ್ಟೆ."

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ತಮ್ಮನ ಹೆಗಲು ತಟ್ಟಿದ, ಅವನ ಹೆಂಡತಿಗೆ ಧೈರ್ಯ ಹೇಳಿದ. ಹೋಗುವಾಗ ಕೌಂಟರಿನಲ್ಲಿ ಬಹಳ ಹೊತ್ತು ನಿಂತ. ಅದೇನು ಮಾತಾಡಿದನೋ ಚೀಟಿಯಕ್ಕನಿಗೆ ಕೇಳಿಸಲಿಲ್ಲ. ಮಡಚಿದ ಕಾಗದವೊಂದನ್ನು ಜೇಬಿಗೆ ಹಾಕಿಕೊಂಡದ್ದು ಕಂಡಿತು.

ಶನಿವಾರ ಹೊಸ ಹಾಳೆ ಅವಳ ಮೇಜಿಗೆ ಬಂತು. ಅವಳು ಕಣ್ಣಿನಿಂದ ಓದಲಿಲ್ಲ, ತನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿಕೊಂಡು ಓದಿದಳು. ಚಿಕ್ಕಂದಿನಲ್ಲಿ ಅಪ್ಪ ಪದ್ಯ ಹೇಳುವಾಗ ಒಂದು ಮಾತ್ರೆ ತಪ್ಪಿದರೂ ಅಡುಗೆಮನೆಯಿಂದ ಅಮ್ಮ ಕೆಮ್ಮುತ್ತಿದ್ದಳು. ಆ ಕೆಮ್ಮು ಈಗ ಚೀಟಿಯಕ್ಕನ ಕಿವಿಯೊಳಗೇ ಇತ್ತು. ನಾಲ್ಕನೆಯ ಭಾಗದಲ್ಲಿ ಅವಳು ಎಡವಿದಳು. ತುಟಿಯ ಮಾತಿಲ್ಲ. ತಡವಾಗಿ ಕಾಣುವ ಮಾತಿಲ್ಲ. ಎರಡು ದಿನದ ಮಾತಿಲ್ಲ. ಎಂಟನೆಯದರಲ್ಲಿ ಕಪ್ಪು ಗವಸಿನ ಸಾಲು ಇರಲಿಲ್ಲ, 'ಸೂಕ್ತವಾದ ಗವಸು' ಎಂದಿತ್ತು. ಸೂಕ್ತ ಯಾವುದು ಎಂದು ಹೇಳುವವರು ಯಾರು? ಇದನ್ನು ಓದಿದರೆ ಇನ್ನು ಮುಂದೆ ಅಂಗಳದಲ್ಲಿ ನಿಂತವರ ಬಾಯಲ್ಲೂ ಇದೇ ಕೂರುತ್ತದೆ. ಯಾರದಾದರೂ ತುಟಿ ನೀಲಿಯಾದರೆ ಮನೆಯವರು ಬಿಸಿನೀರು ಇಡುತ್ತಾರೆ. ಡಾಕ್ಟರಿಗೆ ಹೇಳಲು ಯಾರಿಗೂ ಹಳೆಯ ಪಾಠ ಬಾಯಿಗೆ ಬರುವುದಿಲ್ಲ.

ಅವಳು ಸೂಪರ್‌ವೈಸರ್ ಹತ್ತಿರ ಹೋದಳು. "ಸಾರ್, ಈ ಹಾಳೆ ಕುಂಟ್ತಿದೆ, ಸಾಲುಗಳೇ ಬಿಟ್ಟುಹೋಗಿವೆ. ದ್ರಾವಕದ ಮೊಹರು ಒಂದೂ ಒಡೆದಿಲ್ಲ, ನಾನು ನೋಡಿದೀನಿ."

"ಎಲ್ಲಿ ನೋಡಿದ್ರಿ? ಆ ಶೆಡ್ಡಿಗೆ ನಿಮಗೇನು ಕೆಲಸ?" ನಗು ಹಾಗೇ ಇತ್ತು. "ಚೀಟಿ ಬದಲಾದ್ರೂ ಹುಡುಗರು ನೀವು ಓದಿದ್ರೆ ಮಾತ್ರ ನಂಬೋದು ಅಕ್ಕ. ನಿನ್ನೆ ಕೊಕ್ಕರೆ ಕಪ್ಪು ಗವಸು ಕೇಳಿದ. ಒಬ್ಬ ಕೇಳಿದ್ರೆ ಹತ್ತು ಜನ ಕೇಳ್ತಾರೆ. ಸೋಮವಾರ ಓದಿಬಿಡಿ. ಇನ್ಸ್‌ಪೆಕ್ಷನ್‌ನವರಿಗೂ ಓದಿ ಹೇಳಿದೀವಿ ಅಂತ ತೋರಿಸಬೇಕು, ನಿಮ್ಮ ಸಹಿ ಹಾಕಿ."

ಅವಳು ಹಾಳೆ ಹಿಡಿದುಕೊಂಡು ತನ್ನ ಕೋಣೆಗೆ ಮರಳಿದಳು.

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಹಮಾಲರು ಸೇರುತ್ತಿದ್ದರು. ಸೊಂಟಕ್ಕೆ ಹಸಿರು ಗವಸು ಸಿಕ್ಕಿಸಿಕೊಂಡಿದ್ದರು. ಸೂಪರ್‌ವೈಸರ್ ತಾನು ಬರಲಿಲ್ಲ. ಚೀಟಿ ಕೋಣೆಗೆ ತಮ್ಮನನ್ನು ಕಳಿಸಿದ. ಆಸ್ಪತ್ರೆಯಿಂದ ಬಂದು ಎರಡೇ ದಿನ, ಮುಖ ಇನ್ನೂ ಬಾಡಿತ್ತು.

"ಯಾಕೋ ಎದ್ದು ಬಂದೆ?"

"ಕರೆಸಿದ್ರು." ಬಾಗಿಲಿಗೆ ಒರಗಿ ನಿಂತ. "ಅಕ್ಕಾ, ಒಂದು ಸಲ ಓದಿ ಮುಗಿಸಿಬಿಡು. ಆಸ್ಪತ್ರೆ ಕಾಗದ ಅವರ ಹತ್ರ ಇದೆ. ಕುಡಿದಿದ್ದ ಅಂತ ಬರೆದಿರೋದು. ನೀನು ಓದಿದ್ರೆ ಅದನ್ನ ಹರಿದು ಹಾಕ್ತಾರಂತೆ. ಇಲ್ಲಾಂದ್ರೆ ಕುಡಿದು ಕೆಲಸಕ್ಕೆ ಬಂದ ಅಂತ ಆಚೆ ಹಾಕ್ತಾರೆ."

"ಅದು ಸುಳ್ಳು ಅಂತ ಡಾಕ್ಟರಿಗೆ ಗೊತ್ತು."

"ಬೇರೆ ಕಾರ್ಖಾನೆ ಗೇಟಲ್ಲಿ ಡಾಕ್ಟ್ರು ನಿಂತಿರಲ್ವಲ್ಲೇ. ಕುಡುಕ ಅಂತ ಒಂದ್ಸಲ ಹೆಸರು ಬಂದ್ರೆ ಯಾರು ಒಳಗೆ ಬಿಡ್ತಾರೆ? ಮನೇಲಿ ಅವಳೂ ಇನ್ನೂ ಪೂರ್ತಿ ನಂಬಿಲ್ಲ. ರಾತ್ರಿ ಮಲಗಿದ್ದಾಗ ಬಂದು ಬಾಯಿ ಮೂಸ್ತಾಳೆ."

ಚೀಟಿಯಕ್ಕ ಸ್ಟೂಲು ಎಳೆದುಕೊಟ್ಟಳು. ಅವನು ಕೂರಲಿಲ್ಲ.

"ನಾನು ಕಪ್ಪು ಗವಸೇ ಹಾಕ್ಕೋತೀನಿ. ನಿನ್ನಾಣೆ."

"ಅವರು?"

ತಮ್ಮ ಅಂಗಳದ ಕಡೆ ನೋಡಿದ. ಕೊಕ್ಕರೆ ಸಾಲಿನ ಮುಂದೆ ನಿಂತು ಅವಳ ದನಿಯಲ್ಲೇ "ಕಣ್ಣಿಗೆ ಬಿದ್ದರೆ?" ಎನ್ನುತ್ತಿದ್ದ, ಉಳಿದವರು ನಗುತ್ತ ಉತ್ತರ ಕೊಡುತ್ತಿದ್ದರು.

"ನೀನು ನನಗೆ ಅಕ್ಕ. ಅವರಿಗಲ್ಲ."

"ಅವರೂ ಹಾಗೇ ಕರೀತಾರಲ್ಲೋ."

"ಕರೆದೋರೆಲ್ಲ ತಮ್ಮಂದಿರಾ?" ಅವನು ಮೇಜಿನ ಮೇಲಿದ್ದ ಹೊಸ ಹಾಳೆಯನ್ನು ಎತ್ತಿ ಅವಳ ಕೈಗೆ ಒತ್ತಿದ. ಅವನ ಬೆರಳಿನ ಉಗುರುಗಳು ಈಗಷ್ಟೆ ಕೆಂಪಗಾಗಿದ್ದವು. "ನಿನ್ನ ಕಾಲಿಗೆ ಬೀಳ್ತೀನಿ ಕಣೇ. ಬದುಕಿಸಿದವಳು ನೀನೇ, ಮಧ್ಯದಲ್ಲಿ ಕೈಬಿಡಬೇಡ. ಓದು ಅಕ್ಕಾ."

ಚೀಟಿಯಕ್ಕ ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಓದಲ್ಲ," ಎಂದಳು.