ಸಿನಿಮಾದ ಡ್ರೈವರು, ಬ್ಯಾಡಗಿಯ ಜಾಕೀರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಶ್ರೀದೇವಿಯ ಮಾತಿಗೆ ತೂಕವಿತ್ತು. ಗಂಡ ವಿಜಯಮಹಾಂತೇಶ ಹೋದಮೇಲೆ ದಲಾಲಿ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು ಆಕೆ. ವ್ಯಾಪಾರಕ್ಕೆಂದು ದೂರದ ನಗರಕ್ಕೆ ಹೋಗಿದ್ದ ಆತ, ಅಲ್ಲಿನ ಮಾರುಕಟ್ಟೆಯಲ್ಲಿ ಉಗ್ರರಿಟ್ಟ ಬಾಂಬು ಸಿಡಿದು ಸತ್ತಿದ್ದ.

ಆ ಸ್ಫೋಟದ ಮೇಲೆ ಬೆಂಗಳೂರಿನ ವೀರೇಂದ್ರ ಎಂಬ ನಿರ್ದೇಶಕ ಮಾಡಿದ ಸಿನಿಮಾಕ್ಕೆ ಈ ವರ್ಷ ದೊಡ್ಡ ಪ್ರಶಸ್ತಿ ಬಂತು. ಬಂದದ್ದೇ ತಡ, ಜಗಳ ಹತ್ತಿಕೊಂಡಿತು. ಒಂದು ಪಕ್ಷದವರು ಪ್ರತಿ ಮನೆಯವರೂ ನೋಡಬೇಕಾದ ಸಿನಿಮಾ ಎಂದರು. ಇನ್ನೊಂದು ಪಕ್ಷದವರು, ಇದು ಓಟಿನ ಆಸೆಗೆ ಕೊಟ್ಟ ಪ್ರಶಸ್ತಿ, ವಾಪಸ್ ತೆಗೆದುಕೊಳ್ಳಿ ಎಂದು ಹಾವೇರಿಯಲ್ಲಿ ಧರಣಿ ಕೂತರು.

ಶ್ರೀದೇವಿ ನಾದಿನಿ ನೀಲಾಳನ್ನು ಕರೆದುಕೊಂಡು ರಾಣೇಬೆನ್ನೂರಿಗೆ ಹೋಗಿ ಸಿನಿಮಾ ನೋಡಿದಳು. ಸ್ಫೋಟದ ದೃಶ್ಯದಲ್ಲಿ ನೀಲಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಹೊಗೆ, ಚೀರಾಟ, ದಿಕ್ಕಾಪಾಲಾದ ಚಪ್ಪಲಿಗಳು, ಎಲ್ಲವೂ ಆಕೆ ಕೇಳಿದ್ದಂತೆಯೇ ಇದ್ದವು. ಆಮೇಲೆ ಡ್ರೈವರನ ಪಾತ್ರ ಬಂತು. ರೊಕ್ಕ ತಿಂದು, ಬಾಂಬಿನ ಚೀಲವನ್ನು ವ್ಯಾಪಾರಿಯ ಗಾಡಿಯಲ್ಲೇ ಸಾಗಿಸುವವನು ಅವನು. ನಿಜದಲ್ಲಿ ಅವತ್ತು ವಿಜಯಮಹಾಂತೇಶನ ಗಾಡಿ ಹೊಡೆದವನು ಜಾಕೀರ ಎಂದು ಬ್ಯಾಡಗಿಗೆಲ್ಲ ಗೊತ್ತು.

ಮರುದಿನ ಮುಂಜಾನೆ ಜಾಕೀರ ಅಂಗಡಿಗೆ ಬಂದು ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟ.

"ಅಕ್ಕಾರ, ಬ್ಯಾರೆ ಡ್ರೈವರ್ ನೋಡ್ಕೊರಿ."

"ಯಾಕ, ಏನಾತು?"

"ಪೆಟ್ರೋಲ್ ಬಂಕಿನ್ಯಾಗ ಒಬ್ಬಾಂವ ಕೇಳಿದ, ಎಷ್ಟ ರೊಕ್ಕ ತಗೊಂಡಿದ್ದಿ ಅಂತ. ನಕ್ಕೋತನ ಕೇಳಿದ. ನಮ್ಮ ಮುಸ್ಕಾನ್ ಕಾಲೇಜಿಗೆ ಹೋಗೂದ ಬಿಟ್ಟಾಳ."

ಶ್ರೀದೇವಿ ಕೀಲಿಯನ್ನು ಅವನತ್ತ ಸರಿಸಿದಳು. "ಸೋಮವಾರ ಹಾವೇರಿಗೆ ಹೋಗೂದೈತಿ, ಜಾಕೀರಣ್ಣ. ನೀವ ಗಾಡಿ ಹೊಡೀಬೇಕು. ಮಗಳಿಗೆ ಹೇಳ್ರಿ, ಒಂದ ವಾರ ತಡಿ ಅಂತ."

ಸೋಮವಾರ ಹಾವೇರಿಯಲ್ಲಿ ವೀರೇಂದ್ರನಿಗೆ ಸನ್ಮಾನ ಇಟ್ಟುಕೊಂಡು ಶ್ರೀದೇವಿಯನ್ನೂ ಕರೆದಿದ್ದ ಮುಖಂಡ ನಿಜಲಿಂಗಪ್ಪ ಅದೇ ದಿನ ಬಂದ. "ಸಿನಿಮಾ ಖರೇ ಐತಿ ಅಂತ ಒಂದ ಮಾತ ಹೇಳವಾ ತಂಗಿ, ಸಾಕು." ಅವನು ಹೋದ ಬೆನ್ನಿಗೇ ಧರಣಿಯ ಕಡೆಯ ಶಂಭುಲಿಂಗ ಬಂದ. "ಪೂರಾ ಸುಳ್ಳ ಐತಿ ಅಂತ ಹೇಳ್ರಿ. ನಾವು ಡ್ರೈವರನ ಪರ ಅದೀವಿ."

"ಅವರ ಮನಿ ಎಲ್ಲೈತಿ ಗೊತ್ತೇನ್ರಿ?"

ಶಂಭುಲಿಂಗನಿಗೆ ಗೊತ್ತಿರಲಿಲ್ಲ. ಶ್ರೀದೇವಿ ಮೊದಲಿನವನಿಗೆ ಕೊಟ್ಟಂತೆ ಅವನಿಗೂ ಚಹಾ ಕೊಟ್ಟಳು. ಹೇಳುವುದನ್ನು ಹಾವೇರಿಯಲ್ಲೇ ಹೇಳುತ್ತೇನೆ ಎಂದು ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸಿದಳು.

ಸೋಮವಾರ ಸಭೆ ಕಿಕ್ಕಿರಿದಿತ್ತು. ಶ್ರೀದೇವಿ ಕಾಗದ ಗೀಗದ ಹಿಡಿಯದೆ ಮೈಕಿನ ಮುಂದೆ ನಿಂತಳು.

"ನನ್ನ ಗಂಡನ್ನ ಕೊಂದಾವ್ರು ಉಗ್ರರು. ಅದನ್ನ ಯಾರೂ ಮುಚ್ಚಾಕ ಹೋಗಬ್ಯಾಡ್ರಿ. ವೀರೇಂದ್ರ ಅವ್ರು ಅದನ್ನ ಇದ್ದಂಗ ತೋರಿಸ್ಯಾರ. ಪ್ರಶಸ್ತಿ ಬಂದಿದ್ದಕ್ಕ ನನಗ ಸಿಟ್ಟಿಲ್ಲ."

ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಆಕೆ ಕಾದಳು.

"ಆದ್ರ ಡ್ರೈವರ್ ಸುಳ್ಳು. ಬೆಂಕ್ಯಾಗ ಹೊಕ್ಕು ನನ್ನ ಗಂಡನ್ನ ಹೊರಗ ಎಳಕೊಂಡ ಬಂದಾಂವ ಜಾಕೀರಣ್ಣ. ಆಸ್ಪತ್ರಿ ಮುಟ್ಟೂತನ ಅವರಿಗೆ ಜೀವ ಇತ್ತು. ಕೊನೀಗೆ ನನ್ನ ಕೂಡ ಫೋನಿನ್ಯಾಗ ಮಾತಾಡಿದ್ರು. ಆ ಫೋನ್ ಅವರ ಕಿವಿಗೆ ಹಿಡದದ್ದು ಜಾಕೀರಣ್ಣನ ಸುಟ್ಟ ಕೈ. ಇದನ್ನೆಲ್ಲಾ ಸಿನಿಮಾ ಮಾಡೂಕಿಂತ ಮೊದಲ ವೀರೇಂದ್ರ ಅವ್ರು ನನ್ನ ಮನ್ಯಾಗ ಕುಂತ ಕೇಳ್ಯಾರ."

ನಿಜಲಿಂಗಪ್ಪ ಎದ್ದು ಮೈಕಿಗೆ ಕೈ ಚಾಚಿದ.

"ಇನ್ನೂ ಮುಗದಿಲ್ರಿ, ಕುಂದ್ರಿ," ಎಂದಳು ಶ್ರೀದೇವಿ. ಅವನು ಕೂತ.

ವೀರೇಂದ್ರನ ಮುಖ ಕೆಂಪಗಾಗಿತ್ತು. "ಕಥೆಗೊಂದು ತಿರುವು ಬೇಕಿತ್ತು, ಮೇಡಂ. ಹೆಸರು ಬೇರೆ ಇಟ್ಟಿದ್ವಲ್ಲ."

"ಹೆಸರು ನಿಮಗ ಬ್ಯಾರೆ, ನಮ್ಮೂರಿಗೆ ಅಲ್ಲ. ನಿಮ್ಮ ತಿರುವಿನ್ಯಾಗ ಒಬ್ಬರ ಮನಿ ಐತಿ. ಆ ಮನ್ಯಾಗ ಒಂದ ಹುಡುಗಿ ಕಾಲೇಜ್ ಬಿಟ್ಟ ಕುಂತಾಳ."

ವೀರೇಂದ್ರ ತನ್ನ ಕೊರಳಿನ ಹಾರ ತೆಗೆದು, "ಅವರನ್ನ ಇಲ್ಲಿಗೇ ಕರೀರಿ, ಹಾರ ಹಾಕ್ತೀನಿ" ಎಂದ.

"ಇಲ್ಲಿ ಬ್ಯಾಡ್ರಿ. ಬ್ಯಾಡಗಿಗೆ ಬಂದು ಅವರ ಮನ್ಯಾಗ ಕುಂತ ಮಾತಾಡ್ರಿ."

ಹೊರಗೆ ಗಾಡಿಯ ಪಕ್ಕ ನಿಂತಿದ್ದ ಜಾಕೀರ ಧ್ವನಿವರ್ಧಕದಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆಕೆ ಬಂದು ಕೂತೊಡನೆ ಗಾಡಿಯನ್ನು ಬ್ಯಾಡಗಿಯತ್ತ ತಿರುಗಿಸಿದ.

ಸಂಜೆ ಒಂದು ಚಾನೆಲ್ ಆಕೆಯ ಮಾತಿನ ಮೊದಲ ಅರ್ಧ ತೋರಿಸಿತು, ಇನ್ನೊಂದು ಎರಡನೆಯ ಅರ್ಧ. ಶ್ರೀದೇವಿ ನೀಲಾ ಮಾಡಿಕೊಂಡಿದ್ದ ಪೂರ್ತಿ ವಿಡಿಯೊವನ್ನು ಪೇಟೆಯವರಿಗೆಲ್ಲ ಕಳಿಸಿಬಿಟ್ಟಳು. ಎರಡೂ ಪಕ್ಷದವರು ಆಕೆಗೆ ನಮಸ್ಕಾರ ಹೇಳುವುದನ್ನು ಬಿಟ್ಟರು. ವ್ಯಾಪಾರವೇನೂ ನಿಲ್ಲಲಿಲ್ಲ.

ಮುಂದಿನ ವಾರ ವೀರೇಂದ್ರ ಬಂದ, ಒಬ್ಬನೇ. ಜಾಕೀರನ ಪಡಸಾಲೆಯಲ್ಲಿ ಕೂತವನಿಗೆ ಮುಸ್ಕಾನ್ ನೀರು ಕೊಟ್ಟು ಕೇಳಿದಳು: "ನಮ್ಮಪ್ಪನ ಕೈ ನೋಡಿದ್ರೇನ್ರೀ, ಸಿನಿಮಾ ಮಾಡೂಕಿಂತ ಮೊದಲ?"

"ಇಲ್ಲಮ್ಮ. ನೋಡಬೇಕಿತ್ತು."

ಪಾತ್ರವನ್ನು ತೆಗೆಯಲು ಅವನಿಂದಾಗಲಿಲ್ಲ. ಆದರೆ ಸಿನಿಮಾದ ಮೊದಲಿಗೇ ದೊಡ್ಡಕ್ಷರದಲ್ಲಿ ಒಂದು ಮಾತು ಸೇರಿಸಿದ: ಡ್ರೈವರನ ಪಾತ್ರ ಕಲ್ಪನೆ, ನಿಜವಾದ ಡ್ರೈವರ್ ಬ್ಯಾಡಗಿಯ ಜಾಕೀರ್ ಬೆಂಕಿಗೆ ಹೊಕ್ಕು ವ್ಯಾಪಾರಿಯನ್ನು ಹೊರತಂದವರು.

ಅಷ್ಟೇ ಸಾಕೇ ಎಂದು ನೀಲಾ ಗೊಣಗಿದಳು. ಜಾಕೀರ ಸಾಕು ಎಂದ, ಸಿನಿಮಾ ನೋಡಲು ಮಾತ್ರ ಒಪ್ಪಲಿಲ್ಲ. ಮತ್ತೆ ಕಾಲೇಜಿಗೆ ಹೋಗತೊಡಗಿದ್ದ ಮುಸ್ಕಾನ್ ಶ್ರೀದೇವಿಯ ಜೊತೆ ರಾಣೇಬೆನ್ನೂರಿಗೆ ಹೋದಳು. ತೆರೆಯ ಮೇಲೆ ಅಪ್ಪನ ಹೆಸರು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಮುಸ್ಕಾನ್ ತಿರುಗಿ ನೋಡಿ ನಕ್ಕಳು.

ಮಧ್ಯಂತರದ ಆಚೆಗೆ ಇಬ್ಬರೂ ಕೂರಲಿಲ್ಲ. ಹಸಿವಾಗಿತ್ತು, ಗಿರಮಿಟ್ಟು ತಿನ್ನಲು ಹೊರಗೆ ಬಂದರು.