ಹನ್ನೆರಡನೆಯ ಮನೆಯ ಮುಂಗೋಡೆ

ಬೆಳಿಗ್ಗೆ ಒಂಬತ್ತಕ್ಕೆ ಪಾರಂಪರಿಕ ಕಟ್ಟಡಗಳ ತಪಾಸಣೆಗೆಂದು ನಾನು ಆ ಹಳೆಯ ಬಡಾವಣೆಯ ಹನ್ನೆರಡನೆಯ ಮನೆಯನ್ನು ತಲುಪಿದೆ. ಹತ್ತಕ್ಕೆ ಅದನ್ನು ಕೆಡವುವ ಯಂತ್ರ ಬರುವುದಿತ್ತು. ಮುಂಗೋಡೆ ಮೂಲದ ಸುಣ್ಣದ ಗಾರೆಯದೆಂದು ನಾನು ಬರೆದುಕೊಟ್ಟರೆ ಮಾತ್ರ ಮನೆ ಉಳಿಯುತ್ತಿತ್ತು. ಉಳಿಯ ಮೊದಲ ಕೆರೆತಕ್ಕೇ ಸಿಮೆಂಟು ಕಂಡಿತು.

“ಇದು ಹಳೇ ಮನೆಯಂತೆ. ನನ್ನ ಬೂಟು ಇದಕ್ಕಿಂತ ಹಳೇದು,” ಎಂದು ಮನೆ ಕೆಡವಲು ಬಂದಿದ್ದ ಗುತ್ತಿಗೆದಾರ ನಕ್ಕ.

ಮನೆಯೊಡತಿಯ ಮುಖ ಬಿಳಿಚಿತು. “ಗೋಡೆ ಗಟ್ಟಿಯಾಗ್ಲಿ ಅಂತ ನಮ್ಮ ಯಜಮಾನ್ರು ಗಾರೆ ಮೇಲೇ ಸಿಮೆಂಟು ಮೆತ್ತಿದ್ರಮ್ಮ. ಬೇಡ ಅಂದ್ರೂ ಕೇಳ್ಲಿಲ್ಲ.”

“ಸತ್ತವರ ಮೇಲೆ ತಪ್ಪು ಹಾಕೋದು ಸುಲಭ, ಅಕ್ಕಾ,” ಎಂದ ಗುತ್ತಿಗೆದಾರ.

“ಸತ್ತಿಲ್ಲಪ್ಪ, ಒಳಗೆ ಅಡಗಿ ಕೂತಿದ್ದಾರೆ.”

ಬೀದಿಯ ತಿರುವಿನಲ್ಲಿ ಯಂತ್ರದ ಸದ್ದು ಕೇಳಿಸಿತು. ನಾನು ಉಳಿಯನ್ನು ಅದೇ ಜಾಗದಲ್ಲಿ ಇನ್ನಷ್ಟು ಆಳಕ್ಕೆ ಇಳಿಸಿದೆ. ಅದರ ತುದಿಗೆ ಬಿಳಿಯ ಪುಡಿ ಅಂಟಿಕೊಂಡು ಬಂದಿತು. ವರದಿಯಲ್ಲಿ ಬರೆದೆ: ಸಿಮೆಂಟಿನ ಪದರ ಎರಡು ಸೆಂಟಿಮೀಟರ್, ಅದರ ಹಿಂದಿರುವುದು ಮೂಲದ ಸುಣ್ಣದ ಗಾರೆ.