ನಲವತ್ತೆರಡು ಸಾವಿರ ಮೈಲ್ಸ್, ಅತ್ತೆಗೊಂದು ಟಿಕೆಟ್ಟು

ಬೆಳಗ್ಗೆ ಏಳು ಗಂಟೆ. ನಾನೂ ನಮ್ಮತ್ತೆ ಆಂಜಿನಮ್ಮನೂ ಹಜಾರದಲ್ಲಿ ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದೆವು. ಸ್ಕೂಲಿಗೆ ಹೊರಡಬೇಕಿದ್ದ ಐದನೇ ಕ್ಲಾಸಿನ ಮಗಳು ಸಂಘಮಿತ್ರ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡುತ್ತಿದ್ದಳು. ಅಷ್ಟರಲ್ಲಿ ನಮ್ಮ ಬೀದಿಯ ತನುಜ ಗೇಟು ತೆಗೆದು ಬಂದಳು. ಅವಳು ಚಿಕ್ಕಬಳ್ಳಾಪುರದ ಟ್ರಾವೆಲ್ಸ್ ಅಂಗಡಿಯೊಂದರಲ್ಲಿ ಟಿಕೆಟ್ ಬುಕ್ ಮಾಡುವ ಕೆಲಸದಲ್ಲಿದ್ದಾಳೆ. ಆ ಹೊತ್ತಿಗೆ ಅವಳು ಬಸ್‌ಸ್ಟ್ಯಾಂಡಿನಲ್ಲಿರಬೇಕಿತ್ತು.

"ಕಲ್ಯಾಣಿ ಅಕ್ಕ, ಗಂಗರಾಜಣ್ಣ ಎದ್ದವ್ರಾ? ತಾರಕ ಏರ್‌ಲೈನ್ಸ್ ನಿಂತೋಯ್ತು. ದಿವಾಳಿ ಅಂತೆ."

ನನ್ನ ಕೈ ಹಾಗೇ ನಿಂತಿತು. ಅತ್ತೆ ಮಾತ್ರ ಹಿದುಕುತ್ತಲೇ ಇದ್ದರು.

ನಮ್ಮದು ಶಿಡ್ಲಘಟ್ಟ. ನನ್ನ ಗಂಡ ಗಂಗರಾಜು ರೇಷ್ಮೆ ಗೂಡು ಕೊಂಡು, ನೂಲು ತೆಗೆಸಿ, ಬನಾರಸ್ಸಿನ ವ್ಯಾಪಾರಿಗಳಿಗೆ ಮಾರುತ್ತಾರೆ. ವರ್ಷಕ್ಕೆ ಏಳೆಂಟು ಸಲ ತಾರಕದ ವಿಮಾನದಲ್ಲೇ ಹೋಗಿಬರುತ್ತಾರೆ. ಒಂದೇ ಕಂಪನಿಯ ವಿಮಾನದಲ್ಲಿ ಓಡಾಡಿದರೆ ಪ್ರತಿ ಸಲವೂ ಒಂದಿಷ್ಟು ಪಾಯಿಂಟು ಕೊಡುತ್ತಾರೆ. ಮೈಲ್ಸ್ ಅಂತ ಅದಕ್ಕೆ ಹೆಸರು. ಸಾಕಷ್ಟು ಸೇರಿದರೆ ಅದರಲ್ಲೇ ಟಿಕೆಟ್ಟು ಸಿಗುತ್ತದೆ.

ನಾವು ಬೌದ್ಧರು. ಬುದ್ಧಗಯೆಗೆ ಹೋಗಿ ಬೋಧಿಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಬರಬೇಕು ಎನ್ನುವುದು ಅತ್ತೆಯ ಆಸೆ. ಅದಕ್ಕೆಂದೇ ಒಂದು ಬಿಳಿ ಸೀರೆಯನ್ನು ಟ್ರಂಕಿನಲ್ಲಿ ಎತ್ತಿಟ್ಟಿದ್ದಾರೆ. ಅವರ ಮೊಣಕಾಲು ನೋವು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದೆ. ರೈಲಿನಲ್ಲಿ ಎರಡು ದಿನ ಕೂರುವ ಮಾತೇ ಇಲ್ಲ. ಒಬ್ಬರು ಹೋಗಿಬರಲು ಹದಿನಾರು ಸಾವಿರ ಪಾಯಿಂಟು ಬೇಕಿತ್ತು. ಅದು ಯಾವಾಗಲೋ ಆಗಿತ್ತು. ಆದರೆ ನಮ್ಮ ಮನೆಯವರದು ಒಂದೇ ಮಾತು: "ಹೋದ್ರೆ ನಾಲ್ಕು ಜನಾನೂ ಒಟ್ಟಿಗೆ ಹೋಗಣ. ಇನ್ನೊಂದಷ್ಟು ಸೇರಲಿ."

ಸಂಜೆ ಹೊತ್ತು ಮಗಳು ಮಿತ್ರ ಅಪ್ಪನ ಫೋನು ನೋಡಿ ಅಜ್ಜಿಗೆ ಪಾಯಿಂಟು ಓದಿ ಹೇಳುತ್ತಿದ್ದಳು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಏನೋ ಬರೆದುಕೊಂಡು, "ಅಪ್ಪ, ಹಂಗಾದ್ರೆ..." ಎಂದು ಶುರು ಮಾಡುತ್ತಿದ್ದಳು. "ಆಮೇಲೆ ಕೇಳಮ್ಮ" ಎಂದು ಅವರು ಹೊರಟುಬಿಡುತ್ತಿದ್ದರು.

ತನುಜಳ ದನಿ ಕೇಳಿ ಅವರು ರೂಮಿನಿಂದ ಹೊರಗೆ ಬಂದರು. ಕಿವಿಯಲ್ಲಿ ಫೋನಿತ್ತು.

"ಒಂದ್ನಿಮಿಷ ಸಾರ್, ಮೆಸೇಜ್ ಬಂತು, ನಂಬರ್ ಹೇಳ್ತೀನಿ" ಎಂದು ಅತ್ತ ಹೇಳಿ, ಇತ್ತ ತಿರುಗಿದರು. "ತಾರಕದವರೇ ಕಣಮ್ಮ ತನುಜ. ನನ್ನ ಪಾಯಿಂಟ್ನೆಲ್ಲ ಬೇರೆ ಕಂಪನಿಗೆ ಹಾಕ್ಕೊಡ್ತಾರಂತೆ. ಒಟಿಪಿ ಕೇಳ್ತಾವ್ರೆ."

"ಮೊದ್ಲು ಫೋನ್ ಇಡಣ್ಣ" ಎಂದಳು ತನುಜ.

ಅವರು ಮುಖ ಗಂಟಿಕ್ಕಿಕೊಂಡೇ ಫೋನ್ ಇಟ್ಟರು.

"ಸಂಬಳ ಕೊಡಕ್ಕೂ ಗತಿಯಿಲ್ದೆ ಬಾಗ್ಲು ಹಾಕಿರೋರು, ಬೆಳಗ್ಗೆ ಏಳಕ್ಕೆದ್ದು ನಿಮ್ಗೆ ಫೋನ್ ಮಾಡ್ತಾರಾ? ಅವನು ಕೇಳ್ತಿದ್ದಿದ್ದು ನಿಮ್ಮ ಬ್ಯಾಂಕಿನ ಒಟಿಪಿ."

ಅವರು ಮೆಸೇಜು ತೆಗೆದು ನೋಡಿದರು. ಬ್ಯಾಂಕಿನದೇ. ಬಂದು ಕುರ್ಚಿಯಲ್ಲಿ ಕೂತರು. "ಆಯ್ತಮ್ಮ. ಆದ್ರೆ ನಲವತ್ತೆರಡು ಸಾವಿರ ಪಾಯಿಂಟು ನಾನು ಓಡಾಡಿ ಸಂಪಾದಿಸಿದ್ದು. ಕೇಳಕ್ಕೆ ಕೋರ್ಟು ಗೀರ್ಟು ಇಲ್ವಾ?"

"ಇದೆ ಅಣ್ಣ. ಲೆಕ್ಕ ನೋಡಕ್ಕೆ ಒಬ್ಬ ಅಧಿಕಾರಿನ ಕೂರಿಸ್ತಾರೆ. ಕಂಪನಿ ಹತ್ರ ಉಳಿದಿರೋದನ್ನ ಹಂಚಕ್ಕೆ ಒಂದು ಸಾಲಿರುತ್ತೆ. ಮುಂದೆ ಬ್ಯಾಂಕಿನೋರು, ಕೆಲಸ ಮಾಡ್ದೋರು. ದುಡ್ಡು ಕೊಟ್ಟು ಟಿಕೆಟ್ ತಗೊಂಡೋರು ಎಲ್ಲೋ ಹಿಂದೆ. ಪಾಯಿಂಟ್ ಇಟ್ಕೊಂಡೋರು ಅವರಿಗೂ ಹಿಂದೆ. ಅಷ್ಟೊತ್ತಿಗೆ ಸಾಮಾನ್ಯವಾಗಿ ಪಾತ್ರೆ ಖಾಲಿ."

"ಬೇರೆ ಯಾರಾದ್ರೂ ಕಂಪನಿ ತಗೊಂಡ್ರೆ?"

"ತಗೊಂಡೋರು ಒಪ್ಪಿದ್ರೆ ಪಾಯಿಂಟ್ ಉಳಿಯುತ್ತೆ. ಕೆಲವು ಸಲ ಹಂಗೂ ಆಗಿದೆ. ಆದ್ರೆ ಅದನ್ನ ನಂಬ್ಕೊಂಡು ಕೂರಕ್ಕಾಗಲ್ಲ. ಪಾಯಿಂಟು ದುಡ್ಡಲ್ಲಣ್ಣ, ಕಂಪನಿ ಕೊಟ್ಟ ಮಾತು ಅಷ್ಟೆ. ಬೇಕಾದಾಗ ತೆಗೆದುಹಾಕ್ತೀವಿ ಅಂತ ಅವರ ನಿಯಮದಲ್ಲೇ ಬರ್ದಿರ್ತಾರೆ. ನಾವು ಓದಲ್ಲ."

"ಅಷ್ಟು ದೊಡ್ಡ ಕಂಪನಿ ಹಂಗೆಲ್ಲ ಮುಳುಗಲ್ಲ ಬಿಡಮ್ಮ."

ಆಗ ಅತ್ತೆ ತಲೆ ಎತ್ತದೆಯೇ ಕೇಳಿದರು. "ಗಂಗರಾಜ, ಮಾರ್ಕೆಟ್ಟಿಂದ ಗೂಡು ತಂದ್ರೆ ಎಷ್ಟು ದಿನ ಇಟ್ಕೊಂತೀಯ?"

"ಇಟ್ಕೊಳ್ಳೋದೆಲ್ಲಮ್ಮ? ತಂದಿದ್ದು ತಂದಂಗೆ ನೂಲು ತೆಗೀಬೇಕು. ತಡ ಮಾಡಿದ್ರೆ ಚಿಟ್ಟೆ ತೂತು ಮಾಡ್ಕೊಂಡು ಆಚೆ ಬರುತ್ತೆ. ಆಮೇಲೆ ಆ ಗೂಡಲ್ಲಿ ನೂಲೇ ಬರಲ್ಲ..." ಅವರು ಅಲ್ಲಿಗೇ ನಿಲ್ಲಿಸಿದರು.

"ಪೋನೀಲೇ ನಾಯ್ನಾ" ಎಂದರು ಅತ್ತೆ. ಹೋಗಲಿ ಬಿಡು ಎನ್ನುವಾಗ ಅವರಿಗೆ ತೆಲುಗೇ ಬರುವುದು.

ಆಮೇಲೆ ತನುಜ ಕೇಳಿದಳು. "ಅಣ್ಣ, ಬ್ಯಾಂಕ್ ಕಾರ್ಡಿನ ಪಾಯಿಂಟ್ ಏನಾದ್ರೂ ಇದ್ಯಾ?"

"ಇದೆ. ಕೊನೇಲಿ ಅದನ್ನೂ ತಾರಕಕ್ಕೆ ಹಾಕಣ ಅಂತ ಬಿಟ್ಟಿದ್ದೆ."

"ಹಾಕ್ದೇ ಇದ್ದಿದ್ದೇ ಒಳ್ಳೇದಾಯ್ತು. ಅದು ಬ್ಯಾಂಕ್ ಹತ್ರ ಇದೆ, ತಾರಕದ ಜೊತೆ ಹೋಗಲ್ಲ. ಕೊಡಿ ನೋಡಣ."

ನೋಡಿದಳು. ಬೇರೆ ಕಂಪನಿಯ ವಿಮಾನದಲ್ಲಿ ಗಯೆಗೆ ಹೋಗಿಬರಲು ಎರಡು ಟಿಕೆಟ್ಟಿಗೆ ಸರಿಯಾಗಿ ಸಾಲುತ್ತಿತ್ತು.

"ನಾಲ್ಕು ಜನಕ್ಕೆ ಆಗಲ್ವಲ್ಲ" ಎಂದರು ನಮ್ಮ ಮನೆಯವರು.

"ನಾಲ್ಕು ಜನಾನೂ ಹೋಗ್ಬೇಕು ಅಂತ ನಿಮ್ಮನ್ನ ಯಾರು ಕೇಳಿದ್ರು? ನೀವು ಅತ್ತೇನ ಕರ್ಕೊಂಡು ಹೋಗ್ಬನ್ನಿ" ಎಂದೆ ನಾನು.

ಬರುವ ತಿಂಗಳು ಹನ್ನೊಂದನೇ ತಾರೀಖಿಗೆ ಟಿಕೆಟ್ ಆಯಿತು. ತನುಜಳ ಬಸ್ಸು ತಪ್ಪಿಹೋಗಿತ್ತು. "ನಡಿಯಮ್ಮ, ಬೈಕಲ್ಲಿ ಬಿಟ್ಟುಬರ್ತೀನಿ" ಎಂದು ಅವರೇ ಎದ್ದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವಿಮಾನದಲ್ಲಿ ಓಡಾಡುವವರಿದ್ದರೆ ಇವತ್ತೇ ಅವರ ಪಾಯಿಂಟು ನೋಡಿ. ಒಂದು ಟಿಕೆಟ್ಟಿಗೆ ಸಾಲುವಷ್ಟಿದ್ದರೆ ಬಳಸಿಬಿಡಿ. ಕಾರ್ಡಿನ ಪಾಯಿಂಟನ್ನು ಬೇಕಾಗುವ ದಿನದವರೆಗೂ ಬ್ಯಾಂಕಿನಲ್ಲೇ ಇರಲು ಬಿಡಿ. ಆದರೆ ಅದಕ್ಕೂ ಕೊನೆಯ ದಿನವಿರುತ್ತದೆ, ಮರೆಯಬೇಡಿ. ವಿಮಾನಗಳು ಮೇಲಿಂದ ಮೇಲೆ ರದ್ದಾಗುತ್ತಿವೆ, ಕೆಲಸದವರಿಗೆ ಸಂಬಳವಾಗಿಲ್ಲ ಎಂಬ ಸುದ್ದಿ ಬಂದರೆ ಆ ಕಂಪನಿಯಲ್ಲಿ ಹೊಸದಾಗಿ ಏನನ್ನೂ ಕೂಡಿಡಬೇಡಿ. ಕಂಪನಿ ಮುಚ್ಚಿಯೇ ಬಿಟ್ಟರೆ ನಿಮ್ಮ ಖಾತೆಯ ಪುಟದ ಫೋಟೊ ತೆಗೆದಿಡಿ. ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದರೆ ಲೆಕ್ಕ ನೋಡುವ ಅಧಿಕಾರಿಗೆ ಗಡುವಿನೊಳಗೆ ಅರ್ಜಿ ಹಾಕಿ. ಪಾಯಿಂಟು ವಾಪಸ್ ಕೊಡಿಸುತ್ತೇವೆ ಎಂದು ಫೋನ್ ಮಾಡುವವರಿಗೆ ಒಟಿಪಿ ಹೇಳಲೇಬೇಡಿ.

ಇನ್ನೊಂದು ಮಾತು ಉಳಿದಿದೆ. ಅವತ್ತು ನಮ್ಮ ಮನೆಯವರು ಬೈಕಿನ ಕೀಲಿ ಹುಡುಕುತ್ತಿದ್ದಾಗ, ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಮಿತ್ರ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆರೆದಳು. "ಅಪ್ಪ" ಎಂದಳು. ಈ ಸಲ ಅವರು ಆಮೇಲೆ ಕೇಳಮ್ಮ ಎನ್ನಲಿಲ್ಲ. ನಿಂತರು.

"ಅಜ್ಜಿಗೆ ಹದಿನಾರು ಸಾವಿರ ಇದ್ರೆ ಸಾಕಿತ್ತು. ಅಷ್ಟು ನಾನು ಎರಡನೇ ಕ್ಲಾಸಲ್ಲಿದ್ದಾಗ್ಲೇ ಆಗಿತ್ತು. ಆವಾಗ ಅಜ್ಜಿ ಮಹಡಿ ಮೆಟ್ಟಿಲೂ ಹತ್ತೋರು. ಆವಾಗ್ಲೇ ಯಾಕಪ್ಪ ಕರ್ಕೊಂಡು ಹೋಗ್ಲಿಲ್ಲ?"